ಕೊಳೆಗೆ ಕಟ್ಟುವ ಬೆಲೆ

ಅಂಗಡಿಯವನ ಭಾಗ್ಯವನ್ನು ಕಂಡು ನಾನು ಎಷ್ಟೋ ಸಲ ಕರುಬಿದ್ದೇನೆ. ಅವನು ಅಕ್ಕಿಯನ್ನು ತಕ್ಕಡಿಗೆ ಹಾಕುತ್ತಾನೆ, ಬಟ್ಟೆಯನ್ನು ಕೋಲಿನಿಂದ ಅಳೆಯುತ್ತಾನೆ, ಎಣ್ಣೆಯನ್ನು ಲೀಟರಿನಲ್ಲಿ ಸುರಿಯುತ್ತಾನೆ. ಕೊಳ್ಳುವವನ ಕಣ್ಣೆದುರಿಗೆ ಸರಕಿದೆ. ಅದರ ಮೇಲೆ ಬೆಲೆಯ ಚೀಟಿಯಿದೆ. ನಮ್ಮ ವ್ಯಾಪಾರವಾದರೋ ಇದಕ್ಕೆ ತದ್ವಿರುದ್ಧವಾದುದು. ನಾವು ಮಾರುವುದು ಒಂದು ವಸ್ತುವನ್ನಲ್ಲ, ಒಂದು ವಸ್ತು ಇಲ್ಲದಿರುವುದನ್ನು. ಬೆಳಿಗ್ಗೆ ಇದ್ದ ಕೊಳೆ ಸಂಜೆಗೆ ಇರಕೂಡದು; ಇಷ್ಟೇ ನಮ್ಮ ಸರಕು. ಸಂಜೆ ಹಣ ಕೊಡುವ ಹೊತ್ತಿಗೆ ಮನೆಯವರು ಬೆಳಗಿನ ಕೊಳೆಯನ್ನು ಮರೆತಿರುತ್ತಾರೆ. ತಮ್ಮ ಮನೆ ಎಂದಿನಿಂದಲೂ ಹೀಗೆಯೇ ಥಳಥಳಿಸುತ್ತಿತ್ತೆಂದು ಅವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ‘ಡೀಪ್ ಕ್ಲೀನಿಂಗ್’ ಎಂಬ ಹೆಸರು ನಿಂತುಬಿಟ್ಟಿದೆ. ದಿನವೂ ಕಸ ಗುಡಿಸಿ ನೆಲ ಒರೆಸುವುದು ಬೇರೆ, ಇದು ಬೇರೆ. ನಮ್ಮ ಅಜ್ಜಿಯರು ಯುಗಾದಿಗೆ ಮುಂಚೆ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿಸಿ, ಜಂತೆಯ ಜೇಡರ ಬಲೆ ತೆಗೆಸಿ, ಗೋಡೆಗೆ ಸುಣ್ಣ ಬಳಿಸಿ, ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣಿನಿಂದ ತಿಕ್ಕಿಸುತ್ತಿದ್ದರಲ್ಲ, ಅದೇ ಇದು. ಆಗ ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ. ಮನೆಯ ಹೆಂಗಸರ ಬೆನ್ನುನೋವಿಗೆ ಬಿಲ್ಲು ಬರೆಯುವ ಪದ್ಧತಿಯಿರಲಿಲ್ಲ. ಊರಿನ ಅಗಸ, ಕ್ಷೌರಿಕ, ಬಡಗಿ ಮೊದಲಾದ ಆಯಗಾರರಿಗೆ ಸುಗ್ಗಿಯ ಕಣದಿಂದ ಇಷ್ಟು ಧಾನ್ಯವೆಂದು ಸಲ್ಲುತ್ತಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ದರವೆಂಬ ಮಾತು ಅಲ್ಲಿಯೂ ಅಪರೂಪವೇ. ಹೀಗಾಗಿ ಈಗ ದರ ಹೇಳಲು ಕುಳಿತ ನಮಗೆ ಹಿಂದಿನವರ ಮಾದರಿ ಯಾವುದೂ ಸಿಗುವುದಿಲ್ಲ.

ದೂರವಾಣಿಯಲ್ಲಿ ಬರುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಟೂ ಬಿ.ಎಚ್.ಕೆ.ಗೆ ಎಷ್ಟು ತಗೋತೀರಿ ಮೇಡಂ?” ಎರಡು ಮಲಗುವ ಕೋಣೆ, ಒಂದು ಹಜಾರ, ಒಂದು ಅಡುಗೆಮನೆ. ಕೇಳುವವರಿಗೆ ಇದು ಬಹಳ ಸ್ಪಷ್ಟವಾದ ಪ್ರಶ್ನೆ. ವೈದ್ಯರಿಗೆ ದೂರವಾಣಿ ಮಾಡಿ, “ಐದೂವರೆ ಅಡಿ ಎತ್ತರದ ಮನುಷ್ಯನನ್ನು ಗುಣಪಡಿಸಲು ಎಷ್ಟಾಗುತ್ತದೆ?” ಎಂದು ಕೇಳಿದಂತೆ ಇದು ನನಗೆ ಕೇಳಿಸುತ್ತದೆ. ಆದರೂ ಉತ್ತರ ಹೇಳದಿದ್ದರೆ ಅವರು ಮುಂದಿನ ಅಂಗಡಿಗೆ ಹೋಗುತ್ತಾರೆ.

ಕೆಲವರು ಚದರದ ಲೆಕ್ಕ ಹೇಳುತ್ತಾರೆ. ನೂರು ಚದರಡಿಗೆ ಒಂದು ಚದರವೆಂಬುದು ನಮ್ಮ ಕಡೆಯ ಮೇಸ್ತ್ರಿಗಳ ಹಳೆಯ ಮಾಪು. “ಹನ್ನೆರಡು ಚದರದ ಮನೆ” ಎಂದರೆ ಚಿತ್ರವೊಂದು ಕಣ್ಣಿಗೆ ಕಟ್ಟುತ್ತದೆ ನಿಜ. ಆದರೆ ಅಪಾರ್ಟ್‌ಮೆಂಟಿನವರು ಹೇಳುವ 1,200 ಚದರಡಿಯಲ್ಲಿ ಮೆಟ್ಟಿಲು, ಲಿಫ್ಟು, ಮೊಗಸಾಲೆಗಳ ಪಾಲೂ ಸೇರಿರುವುದುಂಟು. 2016ರ ಸ್ಥಿರಾಸ್ತಿ ಕಾಯಿದೆ ಬಂದ ಮೇಲೆ ಕಟ್ಟಿ ಮಾರುವವರು ಗೋಡೆಯೊಳಗಿನ ಕಾರ್ಪೆಟ್ ವಿಸ್ತೀರ್ಣವನ್ನು ಹೇಳಲೇಬೇಕಾಗಿದೆ. ಹಳೆಯ ಕಟ್ಟಡದವರು ಮಾತ್ರ ಕೊಳ್ಳುವಾಗ ಕೇಳಿದ ದೊಡ್ಡ ಸಂಖ್ಯೆಯನ್ನೇ ಇಂದಿಗೂ ಪ್ರೀತಿಯಿಂದ ಹೇಳುತ್ತಾರೆ. ಅದಿರಲಿ, ವಿಸ್ತೀರ್ಣ ಸರಿಯಾಗಿ ತಿಳಿದರೂ ಆಗುವ ಲಾಭ ಅಲ್ಪ. ಹಜಾರದ ಮುನ್ನೂರು ಚದರಡಿ ನೆಲವನ್ನು ತೊಳೆಯಲು ತಗಲುವ ಹೊತ್ತಿಗಿಂತ ಮೂವತ್ತೈದು ಚದರಡಿಯ ಬಚ್ಚಲಿಗೆ ಹೆಚ್ಚು ಹೊತ್ತು ಬೇಕು. ಕೊಳೆಗೆ ವಿಸ್ತೀರ್ಣವಿಲ್ಲ, ವಯಸ್ಸಿದೆ.

ಈ ವಯಸ್ಸನ್ನು ಮೊದಲು ಹೇಳುವುದು ನೀರು. ಕೊಳವೆಬಾವಿಯ ಗಡಸು ನೀರು ಬರುವ ಬಡಾವಣೆಗೂ ಕಾವೇರಿ ನೀರು ಬರುವ ಬಡಾವಣೆಗೂ ಒಂದೇ ದರ ಹೇಳುವವನು ಈ ಕಸುಬಿನಲ್ಲಿ ಬಹುಕಾಲ ಉಳಿಯಲಾರ. ಗಡಸು ನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಷಿಯಂ ಲವಣಗಳು ನಲ್ಲಿಯ ಬುಡ, ಷವರಿನ ತೂತು, ಗೋಡೆಯ ಟೈಲು, ಗಾಜಿನ ಬಾಗಿಲು ಎಲ್ಲೆಡೆಯೂ ಬಿಳಿಯ ಪದರವಾಗಿ ಕೂರುತ್ತವೆ. ಸೋಪಿನ ನೊರೆಯೊಡನೆ ಸೇರಿದರಂತೂ ಕಲ್ಲಾಗುತ್ತವೆ. ಇದಕ್ಕೆ ಮದ್ದು ಆಮ್ಲ. ಆಮ್ಲ ಬಿದ್ದೊಡನೆ ಪದರವು ಬುಸುಗುಟ್ಟಿ ಕರಗುವುದನ್ನು ನೋಡಲು ಮನೆಯ ಮಕ್ಕಳು ಬಾಗಿಲಲ್ಲಿ ನಿಲ್ಲುತ್ತಾರೆ. ಆದರೆ ಅದೇ ಆಮ್ಲ ಅಮೃತಶಿಲೆಯ ಮೇಲೆ ಬಿದ್ದರೆ ಶಿಲೆಯೂ ಹಾಗೆಯೇ ಬುಸುಗುಟ್ಟುತ್ತದೆ. ಅಮೃತಶಿಲೆಯೂ ಆ ಬಿಳಿಯ ಪದರವೂ ರಸಾಯನ ಶಾಸ್ತ್ರದ ದೃಷ್ಟಿಯಲ್ಲಿ ದಾಯಾದಿಗಳು. ಹಳೆಯ ಮನೆಗಳ ಅಡುಗೆ ಕಟ್ಟೆಗೆ ಹಾಸಿದ ಕರಿಯ ಕಡಪ ಕಲ್ಲೂ ಸುಣ್ಣಕಲ್ಲಿನ ಜಾತಿಯದೇ. ಕರಿಯದೆಂದು ಗ್ರಾನೈಟಿನೊಡನೆ ಅದನ್ನು ಕಲಸಿಬಿಟ್ಟರೆ ಕಟ್ಟೆಯ ಹೊಳಪು ಒಂದೇ ಗಳಿಗೆಯಲ್ಲಿ ಹೋಗುತ್ತದೆ. ಇನ್ನು ಟೈಲಿನ ನಡುವಣ ಸಿಮೆಂಟಿನ ಗೆರೆಯನ್ನು ಆಮ್ಲ ತಿನ್ನುವುದು ನಿಧಾನವಾಗಿ, ಆದರೆ ತಿನ್ನುವುದು ಖಂಡಿತ. ಆದುದರಿಂದ ಇಂಥ ಕಡೆ ಸೌಮ್ಯವಾದ ದ್ರಾವಣ ಹಚ್ಚಿ, ಕಾದು, ಕೈಯಿಂದಲೇ ತಿಕ್ಕಬೇಕು. ಕಾಯುವ ಹೊತ್ತಿಗೂ ತಿಕ್ಕುವ ತೋಳಿಗೂ ಬೆಲೆಯಿದೆ. ‘ಮಾರ್ಬಲ್ ನೆಲಕ್ಕೆ ಹೆಚ್ಚು ದರವೇಕೆ? ಅದು ಮೊದಲೇ ನುಣುಪಲ್ಲವೆ?’ ಎಂದು ಕೇಳುವವರಿಗೆ ಇಷ್ಟೆಲ್ಲ ವಿವರಿಸಲು ದೂರವಾಣಿ ಸಾಲದು.

ಕಿಟಕಿಯಿಲ್ಲದ ಬಚ್ಚಲಿಗೂ ನಾವು ಹೆಚ್ಚು ಹಿಡಿಯುತ್ತೇವೆ. ಕಾರಣವನ್ನು ಒಂದು ಪ್ರಶ್ನೆಯಿಂದ ಹೇಳಬಹುದು. ಒಳಗೆ ಕಾಲಿಡುವ ಮೊದಲು ನಮ್ಮ ತಂಡದ ಹಿರಿಯಳು ಮನೆಯವರನ್ನು, “ಬೆಳಿಗ್ಗೆಯಿಂದ ಇಲ್ಲಿ ಏನಾದ್ರೂ ಹಾಕಿದೀರಾಮ್ಮ?” ಎಂದು ಕೇಳಿಯೇ ಕೇಳುತ್ತಾಳೆ. ನಾವು ಬರುವೆವೆಂದು ಸಂಕೋಚಪಟ್ಟು, ಹಿಂದಿನ ರಾತ್ರಿಯೇ ಬ್ಲೀಚಿಂಗ್ ಪುಡಿ ಎರಚಿಡುವ ಗೃಹಿಣಿಯರುಂಟು. ಅವರದು ಸದುದ್ದೇಶವೇ. ಆದರೆ ಬ್ಲೀಚಿಂಗ್ ಪುಡಿಯ ಮೇಲೆ ಆಮ್ಲ ಬಿದ್ದರೆ ಏಳುವುದು ಕ್ಲೋರಿನ್ ಅನಿಲ. ಅದು ಗಾಳಿಗಿಂತ ಭಾರ, ಕೆಳಗೇ ತಂಗುತ್ತದೆ. ಕೆಳಗೆ ಕುಕ್ಕುರುಗಾಲಿನಲ್ಲಿ ಕುಳಿತು ತಿಕ್ಕುತ್ತಿರುವವಳ ಮೂಗಿನ ಮಟ್ಟದಲ್ಲಿಯೇ ಅದರ ವಾಸ. ಮೊದಲಿದ್ದುದನ್ನು ತೊಳೆದು, ಗಾಳಿಯಾಡಿಸಿ, ಆಮೇಲೆ ಕೈಹಚ್ಚಬೇಕು. ಆ ಅರ್ಧ ಗಂಟೆಯಲ್ಲಿ ನಾಲ್ವರು ಸುಮ್ಮನೆ ನಿಂತಿರುವಂತೆ ಮನೆಯವರಿಗೆ ಕಾಣುತ್ತದೆ.

ಅಡುಗೆಮನೆಯ ಮಾತು ಬೇರೆ. ಒಗ್ಗರಣೆಯನ್ನು ನಾವು ಕನ್ನಡಿಗರು ಬಿಡುವುದು ಸಾಧ್ಯವಿಲ್ಲ, ಬಿಡಲೂಬಾರದು. ಒಂದೊಂದು ಒಗ್ಗರಣೆಯಲ್ಲಿಯೂ ಹಾರುವ ಎಣ್ಣೆಯ ಸೂಕ್ಷ್ಮ ಹನಿಗಳು ಚಿಮಣಿಯ ಜಾಲರಿ, ಎಕ್ಸಾಸ್ಟ್ ಫ್ಯಾನಿನ ರೆಕ್ಕೆ, ಕಪಾಟುಗಳ ನೆತ್ತಿಯ ಮೇಲೆ ಹೋಗಿ ಕೂರುತ್ತವೆ. ಹೊಸದಾಗಿದ್ದಾಗ ಬಿಸಿನೀರಿಗೆ ಸೀಗೆಪುಡಿ ಸಾಕು. ತಿಂಗಳುಗಟ್ಟಲೆ ಗಾಳಿ ಮತ್ತು ಶಾಖಕ್ಕೆ ಸಿಕ್ಕಿದ ಮೇಲೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ. ಚಿತ್ರಕಾರರು ಬಳಸುವ ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುವಂತೆ ಅಂಟುಮೆರುಗಾಗಿ ಹಿಡಿದುಕೊಳ್ಳುತ್ತದೆ. ಇದನ್ನು ಬಿಡಿಸಲು ಕ್ಷಾರ ಬೇಕು. ಕಾಸ್ಟಿಕ್ ಸೋಡಾ ಹಚ್ಚಿದರೆ ಬೇಗ ಬಿಡುತ್ತದೆ. ಆದರೆ ಜಾಲರಿ ಅಲ್ಯೂಮಿನಿಯಮಿನದಾದರೆ ಜಾಲರಿಯನ್ನೂ ಕಬಳಿಸುತ್ತದೆ, ಕೈಗವಸು ಹರಿದಿದ್ದರೆ ಕೈಯನ್ನೂ. ಹೀಗೆ ಪ್ರತಿಯೊಂದು ಮೂಲೆಯಲ್ಲಿಯೂ ಬೇಗ ಮುಗಿಯುವ ದಾರಿಯೊಂದು, ಯಾರಿಗೂ ಕೆಡುಕಾಗದ ದಾರಿಯೊಂದು ಎಂದು ಎರಡು ದಾರಿಗಳಿರುತ್ತವೆ. ದರವೆಂಬುದು ನಿಜವಾಗಿ ಇವೆರಡರಲ್ಲಿ ಯಾವುದನ್ನು ಹಿಡಿಯುವೆವೆಂಬ ತೀರ್ಮಾನ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕವೆಂದೊಡನೆ ಪುಟ ತಿರುವುವ ಓದುಗರು ಸ್ವಲ್ಪ ತಾಳಬೇಕು. ಇಲ್ಲಿ ಕೂಡಿಸುವುದು, ಭಾಗಿಸುವುದು ಬಿಟ್ಟರೆ ಬೇರೆ ಗಣಿತವಿಲ್ಲ. ಒಂದು ಸಾಧಾರಣ ಮನೆಗೆ ನಾಲ್ವರು, ಎಂಟು ಗಂಟೆ. ಒಬ್ಬೊಬ್ಬರಿಗೆ ದಿನಕ್ಕೆ 900 ರೂಪಾಯಿ ಎಂದಿಟ್ಟುಕೊಂಡರೆ 3,600 ರೂಪಾಯಿ ಆಯಿತು. ಈ ಕಸುಬಿಗೆ ಕೈಹಾಕುವ ಹೊಸಬರಲ್ಲಿ ಅನೇಕರು ಇಲ್ಲಿಯೇ ನಿಲ್ಲುತ್ತಾರೆ. ಮೇಲೆ ಒಂದು ಸಾವಿರ ಇಟ್ಟು, ಲಾಭವೆಂದು ಸಂತೋಷಪಡುತ್ತಾರೆ. ಆದರೆ ಕೆಲಸ ದಿನವೂ ಇರುವುದಿಲ್ಲ. ತಿಂಗಳಿಗೆ 26 ದಿನ ಕೂಲಿ ಕೊಟ್ಟು, 18 ದಿನ ಮನೆಗಳು ಸಿಕ್ಕಿದವೆಂದು ಭಾವಿಸೋಣ. ಉಳಿದ ಎಂಟು ದಿನದ ಅನ್ನವನ್ನೂ ಈ ಹದಿನೆಂಟು ಮನೆಗಳೇ ಹೊರಬೇಕು. ಆಗ ಒಂದು ಮನೆಯ ಮೇಲೆ ಬೀಳುವ ಕೂಲಿ 3,600 ಅಲ್ಲ, 5,200. ದ್ರಾವಣ, ಬ್ರಷ್ಷು, ಬಟ್ಟೆ, ಕೈಗವಸುಗಳಿಗೆ 500. ಯಂತ್ರಗಳ ಸವೆತಕ್ಕೆ 300. 2023ರ ಜೂನ್ ತಿಂಗಳಿನಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದಂತಾದುದು ನಮ್ಮ ಹುಡುಗಿಯರಿಗೆ ದೊಡ್ಡ ಉಪಕಾರ. ಆದರೆ ನೆಲ ತಿಕ್ಕುವ ಯಂತ್ರ ಬಸ್ಸು ಹತ್ತಲಾರದು, ಅದಕ್ಕೆ ಆಟೋವೇ ಬೇಕು. ಹೋಗಿಬರಲು 600. ಮನೆ ನೋಡಿಬರುವುದು, ದೂರವಾಣಿ, ‘ಆ ಮೂಲೆ ಬಿಟ್ಟುಹೋಗಿದೆ’ ಎಂದು ಕರೆದರೆ ಮತ್ತೊಮ್ಮೆ ಹೋಗುವುದು, ಇವಕ್ಕೆಲ್ಲ 400. ಒಟ್ಟು 7,000 ರೂಪಾಯಿ ಖರ್ಚು. ಅದರ ಮೇಲೆ ನಾನು 1,200 ಇಟ್ಟರೆ 8,200.

ಇತ್ತ ಬೀದಿ ಕೊನೆಯ ಕಂಬಕ್ಕೆ ಅಂಟಿಸಿದ ಕಾಗದದಲ್ಲಿ ‘ಸಂಪೂರ್ಣ ಮನೆ, 4,999 ಮಾತ್ರ’ ಎಂದಿರುತ್ತದೆ. ಐದು ಸಾವಿರಕ್ಕೆ ಒಂದು ರೂಪಾಯಿ ಕಡಮೆ ಮಾಡಿದವರ ಬುದ್ಧಿವಂತಿಕೆಯನ್ನು ನಾನು ಮೆಚ್ಚುತ್ತೇನೆ. ಆದರೆ ಉಳಿದ ಮೂರು ಸಾವಿರದಿನ್ನೂರು ಎಲ್ಲಿ ಹೋಯಿತೆಂದು ಹುಡುಕಬೇಡವೆ? ಅದು ಮಾಯವಾಗುವ ಸ್ಥಳಗಳು ಬಹಳವಿಲ್ಲ. ನಾಲ್ವರ ಬದಲು ಇಬ್ಬರು ಬಂದು, ಕಪಾಟಿನ ನೆತ್ತಿ ನೋಡದೆ, ಐದು ಗಂಟೆಯಲ್ಲಿ ಹೊರಟಿರಬೇಕು. ಇಲ್ಲವೆ ಎಲ್ಲ ಕಲ್ಲಿಗೂ ಒಂದೇ ಆಸಿಡ್ ಸುರಿದು ಬೇಗ ಮುಗಿಸಿರಬೇಕು. ಇಲ್ಲವೆ ಕೆಲಸವಿಲ್ಲದ ದಿನ ಕೂಲಿಯೂ ಇಲ್ಲವೆಂದು ಹೇಳಿರಬೇಕು. ಮೂರನೆಯದೇ ಹೆಚ್ಚು ಎಂದು ನನ್ನ ಅನುಭವ ಹೇಳುತ್ತದೆ. ಮನೆಯವರಿಗೆ ಸಿಕ್ಕಿದ ರಿಯಾಯಿತಿಯನ್ನು ಯಾರೋ ಒಬ್ಬಳು ತನ್ನ ಎಂಟು ದಿನದ ಒಲೆಯಿಂದ ಕೊಟ್ಟಿರುತ್ತಾಳೆ.

ಬೆಲೆ ಕೇಳಿ ಹುಬ್ಬೇರಿಸುವವರಲ್ಲಿ ಅನೇಕರು ಒಂದು ವಾದವನ್ನು ಹೂಡುತ್ತಾರೆ: “ನಮ್ಮ ಮನೆ ಕೆಲಸದವಳು ತಿಂಗಳೆಲ್ಲ ಬರ್ತಾಳೆ, ಮೂರು ಸಾವಿರ ಕೊಡ್ತೀವಿ. ನೀವು ಒಂದೇ ದಿನಕ್ಕೆ ಎಂಟು ಸಾವಿರ ಅಂತೀರಲ್ಲ!” ಈ ಹೋಲಿಕೆಯಲ್ಲಿ ತಪ್ಪಿಲ್ಲ, ಅದರಿಂದ ಅವರು ತೆಗೆಯುವ ನಿರ್ಣಯವಷ್ಟೇ ಸರಿಯಲ್ಲ. ದಿನಕ್ಕೆ ನೂರು ರೂಪಾಯಿಗೆ ಕಸ, ಮುಸುರೆ ಎರಡನ್ನೂ ಮಾಡುವವಳ ಪಕ್ಕದಲ್ಲಿ ನಮ್ಮ ದರ ದೊಡ್ಡದಾಗಿ ಕಾಣುವುದು ನಮ್ಮದು ಹೆಚ್ಚಾದುದರಿಂದಲೋ, ಅವಳದು ಕಡಮೆಯಾದುದರಿಂದಲೋ? ಕರ್ನಾಟಕ ಸರ್ಕಾರವು ಮನೆಗೆಲಸದವರಿಗೂ ಕನಿಷ್ಠ ವೇತನ ಗೊತ್ತುಪಡಿಸಿದುದು 2004ರಲ್ಲಿ. ಆ ಸಂಗತಿ ಎಷ್ಟು ಮನೆಗಳ ಹೊಸ್ತಿಲು ದಾಟಿ ಒಳಗೆ ಬಂದಿದೆಯೆಂಬುದನ್ನು ನಾನು ಹೇಳಹೊರಟರೆ ಗಿರಾಕಿಗಳನ್ನು ಕಳೆದುಕೊಳ್ಳುವೆನು. ಆದ್ದರಿಂದ ದೂರವಾಣಿಯಲ್ಲಿ ಮುಗುಳ್ನಕ್ಕು ಸುಮ್ಮನಾಗುತ್ತೇನೆ. ಮುಗುಳ್ನಗೆ ದೂರವಾಣಿಯಲ್ಲಿ ಕಾಣದೆಂಬುದೇ ಅದರ ಅನುಕೂಲ.

ಸರ್ಕಾರದ ಹೆಸರು ಬಂದುದರಿಂದ ಇನ್ನೊಂದು ವಿಚಾರ. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ ಒಂದರಿಂದ ಜಾರಿಗೆ ಬಂದಿತಷ್ಟೆ. ನಮ್ಮಂಥ ಸೇವೆಯವರು ವರ್ಷದ ವಹಿವಾಟು 20 ಲಕ್ಷ ಮೀರಿದರೆ ನೋಂದಣಿ ಮಾಡಿಸಬೇಕು. ಆಮೇಲೆ ಬಿಲ್ಲಿಗೆ ನೂರಕ್ಕೆ ಹದಿನೆಂಟು ಸೇರುತ್ತದೆ. ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 18 ಮನೆ, ವರ್ಷಕ್ಕೆ 216 ಮನೆ, ವಹಿವಾಟು 17,71,200. ಇನ್ನೂ ಇಪ್ಪತ್ತೆಂಟು ಮನೆ ಹೆಚ್ಚಾಗಿ ಸಿಕ್ಕರೆ ಗಡಿ ದಾಟುತ್ತದೆ. ದಾಟಿದರೆ 8,200ರ ಬಿಲ್ಲು 9,676 ಆಗುತ್ತದೆ. ದೊಡ್ಡ ಕಚೇರಿಯಾದರೆ ಕೊಟ್ಟ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಹಿಂದಕ್ಕೆ ಹಿಡಿದುಕೊಳ್ಳಬಹುದು. ಸಂಸಾರಸ್ಥನಿಗೆ ಆ ಸೌಕರ್ಯವಿಲ್ಲ, ಅವನ ಪಾಲಿಗೆ ಅದು ಬರಿಯ ಬೆಲೆಯೇರಿಕೆ. ಹಾಗೆಂದು ಕೆಲಸ ಕೇಳಿ ಬಂದವರನ್ನು ಫೆಬ್ರವರಿಯಲ್ಲಿ ತಿರುಗಿ ಕಳಿಸುವ ಚಿಕ್ಕ ವ್ಯಾಪಾರಿಗಳುಂಟು. ಬೆಳೆಯಲು ಹೆದರುವ ಗಿಡವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ನಮ್ಮ ಹಿರಿಯಳಿಗೆ ಇದನ್ನು ವಿವರಿಸಿದಾಗ ಆಕೆ, “ಹಾಗಾದ್ರೆ ಕೆಲ್ಸ ಜಾಸ್ತಿ ಬಂದ್ರೆ ನಷ್ಟ ಅಂತೀರಾ ಅಕ್ಕಾ?” ಎಂದು ಕೇಳಿ, ನಾನು ತಮಾಷೆ ಮಾಡುತ್ತಿರುವೆನೆಂದು ನಕ್ಕುಬಿಟ್ಟಳು.

ಕೆಲಸ ವರ್ಷವಿಡೀ ಒಂದೇ ಸಮನಾಗಿ ಹರಿಯುವುದೂ ಇಲ್ಲ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಗೃಹಪ್ರವೇಶಗಳಿಲ್ಲ. ಹೊಸ ಮನೆಯ ಸಿಮೆಂಟು, ಬಣ್ಣದ ಚುಕ್ಕೆಗಳನ್ನು ಕೆರೆದು ತೊಳೆಯುವ ಕೆಲಸ ಆಗ ನಿಂತೇಹೋಗುತ್ತದೆ. ಶ್ರಾವಣ ಬಂದೊಡನೆ ವರಮಹಾಲಕ್ಷ್ಮಿ, ಅದರ ಹಿಂದೆಯೇ ಗೌರಿ ಗಣೇಶ, ಆಮೇಲೆ ಆಯುಧಪೂಜೆ, ದೀಪಾವಳಿ. ಆ ವಾರಗಳಲ್ಲಿ ದೂರವಾಣಿಗೆ ಉಸಿರಾಡಲು ಬಿಡುವಿಲ್ಲ. ಹಬ್ಬಕ್ಕೆ ದರ ಏರಿಸಬೇಕೇ? ಬಸ್ಸಿನವರು ಏರಿಸುತ್ತಾರೆ, ಹೂವಿನವರು ಏರಿಸುತ್ತಾರೆ. ನಮ್ಮ ಒಳಗೇ ಇದರ ಬಗ್ಗೆ ಎರಡು ಸಂಜೆ ಚರ್ಚೆ ನಡೆಯಿತು. ಏರಿಸಬಾರದು, ಹಳೆಯ ಗಿರಾಕಿಗಳು ಬೇಸರಪಡುತ್ತಾರೆ ಎಂಬುದು ನನ್ನ ಪಕ್ಷ. ಅಲ್ಲಿಯವರೆಗೆ ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಹಿರಿಯಳು ತಲೆಯೆತ್ತದೆಯೇ, “ಹಬ್ಬದ ಹಿಂದಿನ ದಿನ ಅವ್ರ ಮನೆ ನಾವು ತೊಳೀತೀವಿ. ನಮ್ಮನೆ ತೊಳೆಯೋರು ಯಾರಕ್ಕಾ?” ಎಂದಳು. ಅಲ್ಲಿಗೆ ಚರ್ಚೆ ಮುಗಿಯಿತು. ಆ ವರ್ಷದಿಂದ ಹಬ್ಬದ ವಾರದ ಬಿಲ್ಲಿಗೆ 1,000 ರೂಪಾಯಿ ಹೆಚ್ಚು. ಅದು ನಾಲ್ವರಿಗೆ ತಲಾ 250ರಂತೆ ಅಂದೇ ಹೋಗುತ್ತದೆ, ನನ್ನ ಪುಸ್ತಕದಲ್ಲಿ ನಿಲ್ಲುವುದಿಲ್ಲ. ಹಬ್ಬದ ಹಿಂದಿನ ದಿನ ಮಾತ್ರ ಯಾವ ಬೆಲೆಗೂ ಯಾರ ಮನೆಗೂ ಹೋಗುವುದಿಲ್ಲ. ಗಿರಾಕಿಗಳು ಗೊಣಗಿದರು, ಒಂದೆರಡು ಮನೆಗಳು ತಪ್ಪಿದವು. ಉಳಿದವರು ಹಬ್ಬಕ್ಕೆ ವಾರ ಮುಂಚೆಯೇ ಕರೆಯಲು ಕಲಿತರು.

ಬೆಲೆಯೇ ಇಲ್ಲದ ಕೆಲಸಗಳೂ ಕೆಲವಿವೆ. ಒಂಬತ್ತನೆಯ ಮಹಡಿಯ ಕಿಟಕಿಯ ಹೊರಗಾಜನ್ನು ಸಜ್ಜಾದ ಮೇಲೆ ನಿಂತು ಒರೆಸುವುದು ಅಂಥದು. “ಐನೂರು ಹೆಚ್ಚು ಕೊಡೋಣ” ಎನ್ನುತ್ತಾರೆ. ಕೊಡುವವರು ಕೆಟ್ಟವರೆಂದಲ್ಲ, ಗಾಜಿನ ಕೊಳೆ ಅವರಿಗೆ ದಿನವೂ ಕಾಣುತ್ತದೆ, ಸಜ್ಜಾದ ಅಗಲ ಕಾಣುವುದಿಲ್ಲ. ಇನ್ನೊಂದು, ಕೆಲಸವೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಬರುವ ಕೋರಿಕೆ: “ಹಿತ್ತಲಲ್ಲಿ ಪಿಟ್ ಕಟ್ಟಿಕೊಂಡಿದೆ, ನಿಮ್ಮವರು ಯಾರಾದರೂ ಸ್ವಲ್ಪ ಇಳಿದು ನೋಡಿದರೆ…” ಮಲದ ಗುಂಡಿಗೆ, ಚರಂಡಿಗೆ ಮನುಷ್ಯರನ್ನು ಇಳಿಸಿ ತೆಗೆಸುವುದನ್ನು 2013ರ ಕಾಯಿದೆ ಅಪರಾಧವೆಂದು ವಿಧಿಸಿದೆ, ಅದಕ್ಕೆ ಯಂತ್ರದ ಗಾಡಿಯೇ ಬರಬೇಕು. ಆದರೆ ‘ನಿಮ್ಮವರು ಯಾರಾದರೂ’ ಎಂಬ ಮಾತಿನಲ್ಲಿ ‘ನಿಮ್ಮವರು’ ಎಂದರೆ ಯಾರೆಂಬುದನ್ನು ಕೇಳಿದವರೂ ಬಲ್ಲರು, ಕೇಳಿಸಿಕೊಂಡವರೂ ಬಲ್ಲರು. ಒಂದು ಮನೆಯಲ್ಲಿ ಆ ಮಾತು ಬಂದಾಗ ನಮ್ಮ ತಂಡದ ಕಿರಿಯ ಹುಡುಗ ಬಕೆಟ್ಟನ್ನು ಅಲ್ಲಿಯೇ ಕೆಳಗಿಟ್ಟು, ಏನೂ ಹೇಳದೆ ಗೇಟಿನ ಹೊರಗೆ ಹೋಗಿ ನಿಂತ. ಅವನ ತಾತ ಆ ಕೆಲಸ ಮಾಡುತ್ತಿದ್ದನೆಂದು ನನಗೆ ಗೊತ್ತಿತ್ತು. ಆ ಮನೆಗೆ ನಾವು ಮತ್ತೆ ಹೋಗಲಿಲ್ಲ. ಅವರು ಎರಡು ಸಲ ಕರೆದರು. ದಿನ ಖಾಲಿಯಿಲ್ಲವೆಂದು ಹೇಳಿದೆ. ಖಾಲಿ ದಿನಗಳು ಬೇಕಾದಷ್ಟಿದ್ದವು.

ದರ ಹೇಳುವ ಶಾಸ್ತ್ರದಲ್ಲಿ ನನಗೆ ಗುರುವೆನಿಸಿದವರು ಮಲ್ಲೇಶ್ವರದ ಒಬ್ಬ ವೃದ್ಧೆ. ಒಬ್ಬರೇ ಇರುವವರು. ಅವರದು ಪಿಂಚಣಿಯ ಸಂಸಾರ. ಮನೆಯಾದರೋ ತಾತನ ಕಾಲದ್ದು, ಕೆಂಪು ಗಾರೆಯ ನೆಲದ್ದು. ಆ ನೆಲವನ್ನು ಯಂತ್ರದಿಂದಾಗಲಿ ಖಾರವಾದ ದ್ರಾವಣದಿಂದಾಗಲಿ ಮುಟ್ಟುವಂತಿಲ್ಲ. ವರ್ಷಗಟ್ಟಲೆ ಕಾಲಿನ ತುಳಿತದಿಂದಲೂ ಮೇಣದಿಂದಲೂ ಬಂದ ಮೆರುಗು ಒಂದೇ ದಿನದಲ್ಲಿ ಹೋಗುತ್ತದೆ. ಉಗುರುಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ, ಮೊಣಕಾಲು, ಇವಿಷ್ಟೇ ಸಾಧನ. ಮನೆ ನೋಡಿ ನಾನು 9,400 ಎಂದೆ. ಅವರು ಚೌಕಾಸಿ ಮಾಡಲಿಲ್ಲ. ಒಳಗಿನಿಂದ ಹಳೆಯ ಲಕೋಟೆಯೊಂದನ್ನು ತಂದು, ಅದರ ಬೆನ್ನಿಗೆ ಪೆನ್ಸಿಲಿನಿಂದ ಒಂದೊಂದನ್ನೇ ಬರೆಯತೊಡಗಿದರು. “ನೆಲಕ್ಕೆ ಎಷ್ಟು ಹೊತ್ತು? ಎಷ್ಟು ಜನ? ಅಡುಗೆಮನೆಗೆ? ಅಟ್ಟಕ್ಕೆ?” ಎಲ್ಲಕ್ಕೂ ಉತ್ತರ ಪಡೆದು, ಕೂಡಿಸಿ ನೋಡಿ, ಕನ್ನಡಕ ತೆಗೆದು ಹೇಳಿದರು: “ಕೂಲಿ ಕಡಮೆ ಮಾಡಿ ಅಂತ ನಾನು ಕೇಳೋದಿಲ್ಲಮ್ಮ, ಕೆಲಸ ಕಡಮೆ ಮಾಡಿ. ನನ್ನ ಹತ್ತಿರ ಏಳು ಸಾವಿರ ಇದೆ. ಏಳು ಸಾವಿರಕ್ಕೆ ಎಷ್ಟಾಗತ್ತೋ ಅಷ್ಟು ಮಾಡಿ, ಉಳಿದದ್ದು ಹಾಗೇ ಇರಲಿ.”

ಈಗ ನಾನು ಎಲ್ಲ ಮನೆಗಳಿಗೂ ಕೊಡುವ ಚೀಟಿ ಆ ಲಕೋಟೆಯ ಬೆನ್ನಿನ ನಕಲೇ ಆಗಿದೆ. ಯಾವ ಕೋಣೆ, ಎಷ್ಟು ಜನ, ಎಷ್ಟು ಗಂಟೆ, ಕೊನೆಗೆ ರೂಪಾಯಿ. ಬೇಡವೆನಿಸಿದ ಸಾಲನ್ನು ಹೊಡೆದುಹಾಕುವ ಅಧಿಕಾರ ಮನೆಯವರದು. ಉಳಿದ ಸಾಲುಗಳ ದರವನ್ನು ತಿದ್ದುವ ಅಧಿಕಾರ ಮಾತ್ರ ಅವರಿಗಿಲ್ಲ. ಹೀಗೆ ಮಾಡಿದ ಮೇಲೆ ಜಗಳಗಳು ಅರ್ಧಕ್ಕಿಳಿದಿವೆ, ಗಿರಾಕಿಗಳು ಸಹ ಸ್ವಲ್ಪ ಇಳಿದಿದ್ದಾರೆ.

ಆ ವೃದ್ಧೆ ಹೊಡೆದುಹಾಕಿದ್ದು ಅಟ್ಟದ ಸಾಲನ್ನು. ಅದನ್ನು ಯುಗಾದಿಗೆಂದು ಬರೆದುಕೊಂಡಿದ್ದೇನೆ. ಅಂದು ಹೇಳಿದ ಗಂಟೆಗಳು ಆಗಲೂ ಸಾಕಾಗುವುವೋ ಇಲ್ಲವೋ ತಿಳಿಯದು. ಅಟ್ಟದಲ್ಲಿ ಏನೇನಿದೆಯೆಂದು ಕೇಳಿದರೆ, ತಾವು ಹತ್ತಿ ನೋಡಿ ಮೂವತ್ತು ವರ್ಷವಾಯಿತು ಎನ್ನುತ್ತಾರೆ.